ಹಡಗು ನಿಂತ ಒಂದು ಹಗಲಿನಲ್ಲಿ ಕೊಚ್ಚಿ ನೋಡುವುದು ಹೇಗೆ?

ಬಂಗಾರಪೇಟೆಯಲ್ಲಿ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿದವರು ನಮ್ಮ ಕೋಲಾರ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಬಯಲುಸೀಮೆಯ ನಡುವೆ ಓಡುವ ಈ ಗಾಡಿಗೆ ದ್ವೀಪದ ಹೆಸರೇಕೆ ಬಂತೆಂದು ವಿಚಾರಿಸಿದವರು ಕಡಿಮೆ. ಈಗ ಕನ್ಯಾಕುಮಾರಿಯವರೆಗೆ ಹೋಗುವ ಈ ರೈಲು ಹಿಂದೆ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿದ್ದ ಹಾರ್ಬರ್ ಟರ್ಮಿನಸ್ ನಿಲ್ದಾಣದಲ್ಲಿ ಕೊನೆಗೊಳ್ಳುತ್ತಿತ್ತು. ಆ ದ್ವೀಪವೂ ಹುಟ್ಟಾ ದ್ವೀಪವಲ್ಲ. 1920ರಲ್ಲಿ ಕೊಚ್ಚಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಬಂದರನ್ನು ಆಳ ಮಾಡಿಸಿದಾಗ ಎತ್ತಿದ ಹೂಳಿನಿಂದ ನಿರ್ಮಿಸಿದ ನೆಲ ಅದು. ಕೆರೆಯ ಹೂಳು ತೆಗೆದು ಹೊಲಕ್ಕೆ ಹೊಡೆಸುವ ನಮ್ಮ ರೈತರಿಗೆ ಈ ಕೆಲಸದ ಅಗಾಧತೆಯನ್ನು ಬೇರೆ ವಿವರಿಸಬೇಕಿಲ್ಲ. ಮುಂಬೈಯಲ್ಲಿ ಪ್ರವಾಸಿ ಹಡಗು ಹತ್ತಿ ಕೊಚ್ಚಿಗೆ ಬಂದವರು ಮೊದಲು ಕಾಲಿಡುವುದು ಇದೇ ದ್ವೀಪದ ಮೇಲೆ.

ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುತ್ತದೆ. ನಡುವಿನ ಹೊತ್ತಿನಲ್ಲಿ ಊರು ನೋಡಿ ಬರಬೇಕು. ಹಡಗಿನವರೇ ನಡೆಸುವ ಪ್ರವಾಸಕ್ಕೆ ಹಣ ಕಟ್ಟಿದರೆ ಚಿಂತೆಯಿಲ್ಲ. ಅವರ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತವಾಗಿ ಹೋದವರಿಗಾಗಿ ಅದು ಕಾಯುವುದಿಲ್ಲ. ಆದರೂ ನಾಲ್ಕು ಜನರ ಕುಟುಂಬಕ್ಕೆ ಸ್ವಂತ ಟ್ಯಾಕ್ಸಿಯೇ ಅಗ್ಗ ಮತ್ತು ನೆಮ್ಮದಿ ಎಂಬುದು ನನ್ನ ಅನುಭವ. ಅದಕ್ಕೆ ಬೇಕಾದ ಸಿದ್ಧತೆಯನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಟಿಕೆಟ್ ಮಾಡಿಸುವಾಗಲೇ ವಾರ ನೋಡಿ

ಹಡಗು ಕೊಚ್ಚಿ ತಲುಪುವ ತಾರೀಖು ಯಾವ ವಾರ ಬೀಳುತ್ತದೆ ಎಂಬುದನ್ನು ಕ್ಯಾಲೆಂಡರಿನಲ್ಲಿ ನೋಡುವುದು ಮೊದಲ ಕೆಲಸ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಯಹೂದಿಗಳ ಪ್ರಾರ್ಥನಾ ಮಂದಿರ ಶನಿವಾರ ಮತ್ತು ಅವರ ಹಬ್ಬದ ದಿನಗಳಲ್ಲಿ ಮುಚ್ಚಿರುತ್ತದೆ, ಶುಕ್ರವಾರವೂ ಬೇಗ ಬಾಗಿಲು ಹಾಕುತ್ತದೆ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪೂಜೆ ನಡೆಯುವುದರಿಂದ ಪ್ರವಾಸಿಗರು ಹೊರಗೆ ಕಾಯಬೇಕಾಗುತ್ತದೆ. ಇದನ್ನು ನೋಡದೆ ನಾನು, ನನ್ನ ಯಜಮಾನರು, ಅಕ್ಕ, ಭಾವ ನಾಲ್ವರೂ ಮೊದಲ ಸಲ ಹೋದದ್ದು ಶನಿವಾರ. ಮುಚ್ಚಿದ ಬಾಗಿಲಿನ ಮುಂದೆ ಫೋಟೊ ತೆಗೆಸಿಕೊಂಡು ಬಂದೆವು. ಹೊರಡುವ ಮುನ್ನ ವೇಳಾಪಟ್ಟಿಯನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಸಮಯವನ್ನು ಹಿಂದಿನಿಂದ ಎಣಿಸಿ

ಹಿಂದಿನ ರಾತ್ರಿ ನಿಮ್ಮ ಕೋಣೆಗೆ ಮರುದಿನದ ಕಾರ್ಯಕ್ರಮದ ಹಾಳೆ ಬರುತ್ತದೆ ಅಥವಾ ಹಡಗಿನ ಆ್ಯಪ್‌ನಲ್ಲಿ ಕಾಣಿಸುತ್ತದೆ. ಅದರಲ್ಲಿ ಹಡಗು ಹೊರಡುವ ಸಮಯವಲ್ಲದೆ, ಪ್ರಯಾಣಿಕರು ವಾಪಸು ಹತ್ತಬೇಕಾದ ಕೊನೆಯ ಸಮಯವೂ ಬೇರೆಯಾಗಿ ಇರುತ್ತದೆ. ನೀವು ಹಿಡಿಯಬೇಕಾದದ್ದು ಈ ಎರಡನೆಯದನ್ನು. ಹಡಗು ಸಂಜೆ 5ಕ್ಕೆ ಹೊರಡುತ್ತದೆ, 4ರೊಳಗೆ ಹತ್ತಬೇಕು ಎಂದಿಟ್ಟುಕೊಳ್ಳಿ. ರಸ್ತೆಯಲ್ಲಿ ವಾಹನ ಸಿಕ್ಕಿಹಾಕಿಕೊಳ್ಳುವುದಕ್ಕೂ ಬಂದರಿನ ಗೇಟಿನ ತಪಾಸಣೆಗೂ ಒಂದು ಗಂಟೆ ತೆಗೆದಿಟ್ಟರೆ 3ಕ್ಕೆ ಗೇಟಿನ ಬಳಿ ಇರಬೇಕು, ಅಂದರೆ 2.15ರ ಹೊತ್ತಿಗೆ ಮಟ್ಟಾಂಚೇರಿ ಬಿಡಬೇಕು. ಬೆಳಿಗ್ಗೆ 8ಕ್ಕೆ ಹಡಗು ಕಟ್ಟೆಗೆ ತಾಗಿದರೂ ಸಾಲು ಕರಗಿ ನೀವು ನೆಲ ಮುಟ್ಟುವಾಗ 9 ಆಗಿರುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಐದು ಗಂಟೆಗಿಂತ ಸ್ವಲ್ಪ ಹೆಚ್ಚು. ಸುಮಾರು 50 ಕಿ.ಮೀ. ದೂರದ ಆಲಪ್ಪುಳಕ್ಕೆ ಹೋಗಿ ದೋಣಿಮನೆ ನೋಡಿ ಬರೋಣವೆಂಬ ಆಸೆ ಈ ಲೆಕ್ಕ ಹಾಕಿದ ಕೂಡಲೇ ಹೋಗುತ್ತದೆ, ಹೋಗಲಿ.

ಚೀಲದಲ್ಲಿ ಹಡಗಿನ ಕಾರ್ಡು, ಫೋಟೊ ಇರುವ ಗುರುತಿನ ಚೀಟಿ, ದಿನದ ಔಷಧಿ, ನೀರು, ಕೊಡೆ ಇಷ್ಟೇ ಸಾಕು. ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿರುವ ಬಂದರು ಏಜೆಂಟರ ಫೋನ್ ನಂಬರನ್ನು ಬರೆದಿಟ್ಟುಕೊಳ್ಳಿ. ನಮ್ಮ ಒಣಹವೆಗೆ ಒಗ್ಗಿದ ಮೈಗೆ ಕೊಚ್ಚಿಯ ಸೆಕೆ ಹೊಸದು. ಹತ್ತಿಯ ಬಟ್ಟೆ, ಸುಲಭವಾಗಿ ಬಿಚ್ಚಿ ಹಾಕಿಕೊಳ್ಳಬಹುದಾದ ಚಪ್ಪಲಿ ಇರಲಿ.

ದೂರದ್ದು ಮೊದಲು, ಹತ್ತಿರದ್ದು ಆಮೇಲೆ

ಗೇಟಿನ ಹೊರಗೆ ಟ್ಯಾಕ್ಸಿ, ಆಟೊಗಳು ಕಾದಿರುತ್ತವೆ. ಹತ್ತುವ ಮೊದಲೇ ಒಟ್ಟು ಬಾಡಿಗೆ, ಕಾಯುವ ಹೊತ್ತು, ವಾಪಸು ತಂದುಬಿಡುವ ಗಂಟೆ ಈ ಮೂರನ್ನೂ ಮಾತಾಡಿಕೊಳ್ಳಬೇಕು. ಚಾಲಕರು ತಾವಾಗಿ ಕರೆದೊಯ್ಯುವ ದೊಡ್ಡ ಅಂಗಡಿಗಳಿಗೆ ಬೇಡವೆಂದು ಆಗಲೇ ಹೇಳಿಬಿಡಿ. ಮಧ್ಯದಲ್ಲಿ ಹೇಳಿದರೆ ಮುಖ ಕೆಡುತ್ತದೆ. ಸೇತುವೆ ದಾಟಿ ತೋಪ್ಪುಂಪಡಿಯ ಮೂಲಕ ಮೊದಲು ಫೋರ್ಟ್ ಕೊಚ್ಚಿಗೆ ಹೋಗಿ, ಬಿಸಿಲೇರಿದ ಮೇಲೆ ಮಟ್ಟಾಂಚೇರಿಗೆ ಬರುವುದು ಜಾಣತನ. ಸಮಯ ಕೈಕೊಟ್ಟರೂ ಹಡಗಿಗೆ ಹತ್ತಿರದ ಕಡೆಯೇ ಇರುತ್ತೀರಿ.

ಫೋರ್ಟ್ ಕೊಚ್ಚಿಯ ದಂಡೆಯಲ್ಲಿರುವ ಚೀನೀ ಬಲೆಗಳ ಮುಂದೆ ಎಲ್ಲರೂ ಒಂದು ಫೋಟೊ ಹೊಡೆದು ಮುಂದೆ ಹೋಗುತ್ತಾರೆ. ನಿಮಗೆ ನನ್ನ ಸಲಹೆ, ಒಂದು ಬಲೆ ಇಳಿದು ಮತ್ತೆ ಏರುವವರೆಗೆ ನಿಂತು ನೋಡಿ. ನಮ್ಮ ಹಳೆಯ ಬಾವಿಗಳ ಏತ ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಏತದ ಮರದ ಮೇಲೆ ಒಬ್ಬ ಹಿಂದೆ ಮುಂದೆ ನಡೆದು ಬಾನಿಯನ್ನು ಬಾವಿಗೆ ಇಳಿಸಿ ಎತ್ತುತ್ತಿದ್ದಂತೆಯೇ, ಇಲ್ಲಿಯೂ ಒಬ್ಬ ಮೀನುಗಾರ ಉದ್ದನೆಯ ತೊಲೆಯ ಮೇಲೆ ನಡೆದರೆ ಅವನ ಭಾರಕ್ಕೆ ಬಲೆ ನೀರಿಗೆ ಬಾಗುತ್ತದೆ. ಕೆಲವು ನಿಮಿಷಗಳಾದ ಮೇಲೆ ನಾಲ್ಕೈದು ಜನ ಹಗ್ಗ ಜಗ್ಗುತ್ತಾರೆ. ಹಗ್ಗಗಳಿಗೆ ಒಂದರ ಕೆಳಗೊಂದು ಕಟ್ಟಿದ ಕಲ್ಲುಗುಂಡುಗಳು ಬಲೆಯ ತೂಕಕ್ಕೆ ಎದುರು ತೂಕವಾಗಿ ನೆಲಕ್ಕಿಳಿಯುತ್ತ ಬರುವುದರಿಂದ, ಮನೆಯ ಮಾಡಿನಷ್ಟು ಅಗಲದ ಬಲೆ ಸದ್ದಿಲ್ಲದೆ ಮೇಲೇಳುತ್ತದೆ. ನಾವು ನಿಂತಾಗ ಅದರಲ್ಲಿ ಬಿದ್ದದ್ದು ಬೊಗಸೆಯಷ್ಟು ಮೀನು. ಈ ಬಲೆ ಚೀನಾದ ವ್ಯಾಪಾರಿಗಳಿಂದ ಬಂತೋ, ಮಕಾವಿನಿಂದ ಪೋರ್ಚುಗೀಸರು ತಂದರೋ ಎಂಬ ವಾದ ಇನ್ನೂ ಮುಗಿದಿಲ್ಲ.

ಅಲ್ಲಿಂದ ನಡೆದೇ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಹೋಗಬಹುದು. 1503ರಲ್ಲಿ ಪೋರ್ಚುಗೀಸರು ಮೊದಲು ಮರದಿಂದ ಕಟ್ಟಿದ ಇದು ಭಾರತದಲ್ಲಿ ಐರೋಪ್ಯರು ಕಟ್ಟಿದ ಅತಿ ಹಳೆಯ ಚರ್ಚುಗಳಲ್ಲೊಂದು. 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂತದ್ದು ಇಲ್ಲಿಯೇ. 14 ವರ್ಷಗಳ ನಂತರ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು, ಸಮಾಧಿಯ ಜಾಗ ಮಾತ್ರ ನೆಲದಲ್ಲಿ ಉಳಿದಿದೆ. ತಲೆಯೆತ್ತಿ ನೋಡಿದರೆ ಹಿಂದೆ ಹೊರಗಿನಿಂದ ಹಗ್ಗ ಎಳೆದು ಬೀಸುತ್ತಿದ್ದ ಬಟ್ಟೆಯ ಪಂಖಗಳು ಇನ್ನೂ ತೂಗುತ್ತಿವೆ. ಹತ್ತಿರದ ಸಾಂತಾಕ್ರೂಜ್ ಬೆಸಿಲಿಕಾದ ಈಗಿನ ಕಟ್ಟಡ 1905ರದು, ಹೊತ್ತಿದ್ದರೆ ನೋಡಿ.

ಮಟ್ಟಾಂಚೇರಿಗೆ ಎರಡು ಗಂಟೆ

ಮಟ್ಟಾಂಚೇರಿ ಅರಮನೆಗಿರುವ ಡಚ್ ಅರಮನೆ ಎಂಬ ಹೆಸರನ್ನು ನಂಬಬೇಡಿ. 1555ರ ಸುಮಾರಿಗೆ ಇದನ್ನು ಕಟ್ಟಿಸಿ ಕೊಚ್ಚಿಯ ಅರಸನಿಗೆ ಕಾಣಿಕೆ ಕೊಟ್ಟವರು ಪೋರ್ಚುಗೀಸರು. 1663ರಲ್ಲಿ ಊರು ಹಿಡಿದ ಡಚ್ಚರು ರಿಪೇರಿ ಮಾಡಿಸಿ ಹೆಸರು ಪಡೆದರು. ಹೊರಗಿನಿಂದ ಸಾದಾ ತೊಟ್ಟಿಮನೆಯಂತೆ ಕಾಣುವ ಇದರ ಒಳಗೋಡೆಗಳ ಮೇಲೆ ರಾಮಾಯಣದ ಕಥೆಯನ್ನು ಕಾವಿ, ಹಸಿರು, ಹಳದಿಗಳಲ್ಲಿ ಒಂದಿಂಚು ಜಾಗ ಬಿಡದಂತೆ ಬರೆದಿದ್ದಾರೆ. ಅರ್ಧ ಗಂಟೆಯನ್ನಾದರೂ ಇದಕ್ಕೆ ಕೊಡಿ. ಅರಸರ ಭಾವಚಿತ್ರಗಳ ಮುಂದೆ ನಿಂತಾಗ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಗೆ ಇದೇ ಮನೆತನ ಕಪ್ಪ ಕೊಡುತ್ತಿತ್ತೆಂಬುದು ನಮ್ಮವರಿಗೆ ನೆನಪಾದರೆ ತಪ್ಪಿಲ್ಲ.

ಅಲ್ಲಿಂದ ಕೆಲವೇ ಹೆಜ್ಜೆಗೆ ಯಹೂದಿ ಬೀದಿ, ಅದರ ತುದಿಯಲ್ಲಿ 1568ರ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಚಪ್ಪಲಿ ಹೊರಗೆ ಬಿಡಬೇಕು, ಬಿಡುವುದೇ ಲಾಭ. ಹದಿನೆಂಟನೆಯ ಶತಮಾನದಲ್ಲಿ ಚೀನಾದ ಕ್ಯಾಂಟನ್‌ನಿಂದ ಬಂದ ನೀಲಿ-ಬಿಳಿ ಬಿಲ್ಲೆಗಳ ತಂಪು ಅಂಗಾಲಿಗೆ ತಾಗುತ್ತದೆ. ಕೈಯಲ್ಲೇ ಚಿತ್ರ ಬರೆದ ಬಿಲ್ಲೆಗಳಾದ್ದರಿಂದ ಅಕ್ಕಪಕ್ಕದ ಎರಡನ್ನು ಹೋಲಿಸಿದರೆ ಗೆರೆಗಳ ವ್ಯತ್ಯಾಸ ಕಾಣುತ್ತದೆ. 1948ರ ನಂತರ ಇಲ್ಲಿನ ಯಹೂದಿಗಳು ಹೆಚ್ಚುಕಡಿಮೆ ಎಲ್ಲರೂ ಇಸ್ರೇಲಿಗೆ ಹೋದರು. ಕಾಳುಮೆಣಸು, ಏಲಕ್ಕಿ, ಒಣಶುಂಠಿ ಕೊಳ್ಳುವುದಾದರೆ ಈ ಬೀದಿಯಲ್ಲಿ ಎರಡು ಮೂರು ಅಂಗಡಿ ವಿಚಾರಿಸಿ, ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ, ಸೀಲು ಹಾಕಿಸಿಕೊಳ್ಳಿ. ಸಸ್ಯಾಹಾರಿಗಳು ಊಟಕ್ಕೆ ಹೆದರಬೇಕಿಲ್ಲ. ತಲೆಮಾರುಗಳಿಂದ ಗುಜರಾತಿಗಳೂ ಕೊಂಕಣಿಗರೂ ನೆಲೆಸಿದ ಊರು ಇದು.

ನಮ್ಮ ಭಾವ ಅಲ್ಲಿ ಎಲೆಯ ಮುಂದೆ ಕುಳಿತವರು ಏಳಲೊಲ್ಲರು. ‘ಯಾಕಮ್ಮಾ ಗಡಿಬಿಡಿ ಮಾಡ್ತೀಯ, ಹಡಗು ಹೋದ್ರೆ ಹೋಗ್ಲಿ, ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿದ್ರೆ ಸೀದಾ ಬಂಗಾರಪೇಟೆ’ ಎಂದರು. ಮಾತು ಸರಿಯೇ, ಆದರೆ ಸೂಟ್‌ಕೇಸುಗಳೆಲ್ಲ ಹಡಗಿನಲ್ಲಿದ್ದವು. ‘ಭಾವ, ನಿಮ್ಮ ಬಿ.ಪಿ. ಮಾತ್ರೆಯೂ ಅಲ್ಲೇ ಇದೆ’ ಎಂದ ಮೇಲೆ ಎದ್ದರು.

ಹಡಗು ಹತ್ತಿದ ಮೇಲೂ ಒಂದು ಕೆಲಸ ಉಳಿದಿದೆ. ಕೋಣೆಗೆ ಹೋಗಿ ಮಲಗದೆ ಮೇಲಿನ ಡೆಕ್ಕಿಗೆ ಹೋಗಿ, ಹಡಗಿನ ಮೂತಿಯ ಕಡೆ ಮುಖ ಮಾಡಿ ಎಡಗಡೆಯ ಕಟಾಂಜನದ ಬಳಿ ನಿಲ್ಲಿ. ಸಮುದ್ರಕ್ಕೆ ಹೊರಡುವ ಹಡಗು ವೈಪಿನ್ ಮತ್ತು ಫೋರ್ಟ್ ಕೊಚ್ಚಿಗಳ ನಡುವಿನ ಕಿರಿದಾದ ಕಾಲುವೆಯಲ್ಲೇ ಹಾದುಹೋಗಬೇಕು; ಬೆಳಿಗ್ಗೆ ಕೆಳಗೆ ನಿಂತು ಕತ್ತೆತ್ತಿ ನೋಡಿದ ಬಲೆಗಳು ಆಗ ಎಡದಂಡೆಯಲ್ಲಿ ಸಾಲಾಗಿ, ಮೇಲಿನಿಂದ ಕಾಣುತ್ತವೆ.