ಫ್ರೀ ಜಾಝ್ ತಲೆಗೆ ಹತ್ತದಿದ್ದರೆ ಒಂದೇ ಕಿವಿಯಲ್ಲಿ ಕೇಳಿ

ಮೊದಲೇ ಗೊತ್ತುಮಾಡಿದ ಚೌಕಟ್ಟನ್ನ ಬಹುಪಾಲು ಬಿಟ್ಟು ಮನಸ್ಸಿಗೆ ಬಂದಂತೆ ನುಡಿಸೋ ಜಾಝ್‌ಗೆ ಫ್ರೀ ಜಾಝ್ ಅಂತಾರೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’ ಆಲ್ಬಮ್ ಬರೀ ಗದ್ದಲ ಅನ್ನಿಸಿ ಅರ್ಧಕ್ಕೇ ಬಿಟ್ಟಿದ್ದರೆ, ಇಯರ್‌ಫೋನ್‌ನಲ್ಲಿ ಮೊದಲು ಎಡಗಡೆಯದು ಮಾತ್ರ ಸ್ವಲ್ಪ ಹೊತ್ತು ಕೇಳಿ, ಆಮೇಲೆ ಬಲಗಡೆಯದು, ಕೊನೆಗೆ ಎರಡೂ. 1960ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಣವಾದ ಈ 37 ನಿಮಿಷದ ಆಲ್ಬಮ್‌ನಲ್ಲಿ ನುಡಿಸೋದು ನಾಲ್ಕು ನಾಲ್ಕು ಜನರ ಎರಡು ತಂಡ. ಒಂದನ್ನ ಎಡಕ್ಕೆ, ಇನ್ನೊಂದನ್ನ ಬಲಕ್ಕೆ ಇಟ್ಟಿದ್ದಾರೆ. ಒಂದು ಕಡೆ ಮುಚ್ಚಿದರೆ ಯಾವ ವಾದ್ಯ ಏನು ಮಾಡ್ತಿದೆ ಅಂತ ಬಿಡಿಬಿಡಿಯಾಗಿ ಸಿಗುತ್ತೆ. ಬಲಗಡೆ ಎರಿಕ್ ಡಾಲ್ಫಿಯ ಬೇಸ್ ಕ್ಲ್ಯಾರಿನೆಟ್ (ತಗ್ಗು ದನಿಯ ಊದೋ ವಾದ್ಯ) ಗೊಗ್ಗರು ದನಿಯಲ್ಲಿ ಗೊಣಗಿ, ಇದ್ದಕ್ಕಿದ್ದಂತೆ ಕೀರಲಿಗೆ ಹಾರುತ್ತಲ್ಲ, ಅದೊಂದಕ್ಕೇ ಇದನ್ನ ಕೇಳಬಹುದು ಅಂತೀನಿ. ನಮ್ಮ ಮೈಸೂರಿನ ಎಂಟನೇ ಕ್ರಾಸ್ ಗಣಪತಿ ಕಚೇರಿಗಳಲ್ಲಿ ತೊಡೆ ಮೇಲೆ ತಾಳ ಹಾಕಿ ರೂಢಿಯಿರೋರು ಇಲ್ಲಿ ಆವರ್ತನ ಎಣಿಸೋಕೆ ಹೋಗಬೇಡಿ. ಲಯ ಓಡ್ತಾನೇ ಇರುತ್ತೆ, ಬಂದು ನಿಲ್ಲೋಕೆ ಸಮ, ಅಂದರೆ ತಾಳದ ಮೊದಲ ಪೆಟ್ಟು, ಇರಲ್ಲ. ಫೋನ್ ಸ್ಪೀಕರ್‌ನಲ್ಲಿ ಈ ಉಪಾಯ ನಡೆಯಲ್ಲ. ಬ್ಲೂಟೂತ್ ಬಡ್ ಒಂದನ್ನೇ ಹಾಕಿದರೆ ಕೆಲವು ಎರಡೂ ಕಡೆಯದನ್ನ ಬೆರೆಸಿಬಿಡುತ್ವೆ. ಎರಡೂ ಹಾಕ್ಕೊಂಡು, ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಬ್ಯಾಲೆನ್ಸ್ ಪೂರ್ತಿ ಒಂದು ಪಕ್ಕಕ್ಕೆ ಎಳೀರಿ. ಫ್ರೀ ಜಾಝ್‌ನ ಇನ್ನೊಬ್ಬ ದೊಡ್ಡ ಹೆಸರು ಸೆಸಿಲ್ ಟೇಲರ್ ಅವರ ಒಂಟಿ ಪಿಯಾನೊ ಆಲ್ಬಮ್‌ಗಳಿಗೆ ಇದು ಉಪಯೋಗಕ್ಕೆ ಬರಲ್ಲ, ಅಲ್ಲಿ ಬೇರ್ಪಡಿಸೋಕೆ ಎರಡನೇ ತಂಡವೇ ಇಲ್ಲ.