ರಿಸರ್ಚ್ ಮೆಥಡ್ಸ್ ಪೇಪರನ್ನು ಹುಲಿವೇಷದ ಜೊತೆ ಓದಿ

ಸಾಂಸ್ಕೃತಿಕ ಅಧ್ಯಯನದ ಎಂಎಗೆ ಸೇರಿ, ಸಂಶೋಧನಾ ವಿಧಾನದ ಸಿಲೆಬಸ್ ಕೈಗೆ ಬಂದ ದಿನವೇ ಎಲ್ಲರೂ ಸೀನಿಯರ್‌ಗಳ ನೋಟ್ಸ್ ಹುಡುಕಲು ಹೊರಡುತ್ತಾರೆ. ಹುಡುಕಿ, ಬೇಡ ಅನ್ನುವುದಿಲ್ಲ. ಆದರೆ ಪ್ರಾಕ್ಕಲ್ಪನೆ ಎಂದರೇನು, ಗುಣಾತ್ಮಕ ವಿಧಾನ ಎಂದರೇನು ಅಂತ ಸುಮ್ನೆ ಬಾಯಿಪಾಠ ಮಾಡಿದವರು ಕೊನೆಯ ಸೆಮಿಸ್ಟರಿನಲ್ಲಿ ಡಿಸರ್ಟೇಶನ್ ಶುರು ಮಾಡಲಾಗದೆ ಒದ್ದಾಡುವುದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾರದಲ್ಲೇ ಒಂದು ಸಣ್ಣ ವಿಷಯ ಹಿಡಿಯಿರಿ. ನಿಮ್ಮ ರೂಮಿನಿಂದ ಬಸ್ಸಲ್ಲಿ ಹೋಗಿ ಅದೇ ದಿನ ವಾಪಸ್ ಬರುವಷ್ಟು ಹತ್ತಿರದ್ದು. ಕ್ಲಾಸಲ್ಲಿ ಬರುವ ಪ್ರತಿಯೊಂದು ವಿಧಾನವನ್ನೂ ಅದರ ಮೇಲೇ ಮಾಡಿ ನೋಡಿ.

ಮೈಗೆ ಹುಲಿಯ ಬಣ್ಣ ಹಚ್ಚಿ ಕುಣಿಯುವ ನಮ್ಮ ಕರಾವಳಿಯ ಹುಲಿವೇಷವನ್ನೇ ತೆಗೆದುಕೊಳ್ಳಿ. ಉಡುಪಿಯಲ್ಲಿ ಕೃಷ್ಣಾಷ್ಟಮಿ, ಅದರ ಮರುದಿನದ ವಿಟ್ಲಪಿಂಡಿಗೆ, ಮಂಗಳೂರಲ್ಲಿ ದಸರಾಕ್ಕೆ ತಾಸೆ ಎಂಬ ಚರ್ಮವಾದ್ಯದ ಪೆಟ್ಟು ಕೇಳದ ಬೀದಿ ಇರುವುದಿಲ್ಲ. ಆದರೆ 'ತುಳುನಾಡಿನ ಹುಲಿವೇಷ: ಒಂದು ಸಾಂಸ್ಕೃತಿಕ ಅಧ್ಯಯನ' ಅಂತ ಮಾತ್ರ ಶೀರ್ಷಿಕೆ ಇಡಬೇಡಿ. ಅದರಲ್ಲಿ ಪ್ರಶ್ನೆಯೇ ಇಲ್ಲ. ಬದಲಿಗೆ ಹೀಗೆ ಕೇಳಿ: ಹರಕೆಗೆ ವೇಷ ಹಾಕುವವನಿಗೂ ಬಹುಮಾನದ ಸ್ಪರ್ಧೆಗೆ ಹಾಕುವವನಿಗೂ ಕುಣಿತದಲ್ಲಿ ಏನು ವ್ಯತ್ಯಾಸ? ಅಕ್ಕಿಮುಡಿಯನ್ನು (ಬೈಹುಲ್ಲಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಲ್ಲಿ ಕಚ್ಚಿ ಎಸೆಯುವುದನ್ನು ಸ್ಪರ್ಧೆಯ ವೇದಿಕೆ ಹೇಗೆ ನೋಡುತ್ತದೆ, ಬೀದಿಯ ಜನ ಹೇಗೆ ನೋಡುತ್ತಾರೆ? ಹುಡುಗಿಯರು ಹುಲಿಯಾದಾಗ ಯಾರು ಏನು ಹೇಳುತ್ತಾರೆ? ಇಷ್ಟು ಸಣ್ಣದಾದರೆ ವಿಧಾನ ತಾನಾಗಿ ಬರುತ್ತದೆ. ಕುಣಿತ ಗೊತ್ತಾಗಬೇಕಾದರೆ ಒಂದೇ ತಂಡದ ಹಿಂದೆ ಇಡೀ ದಿನ ನಡೆಯಬೇಕು, ಬಣ್ಣ ಹಚ್ಚುವ ಹೊತ್ತಿನಿಂದಲೇ. ಜನರ ಮಾತು ಬೇಕಾದರೆ ಸಂದರ್ಶನ. ಪ್ರಶ್ನೆ ಬದಲಾದರೆ ವಿಧಾನವೂ ಬದಲಾಗುತ್ತದೆ.

ಥಿಯರಿ ಓದುವುದೂ ಇದರ ಪಕ್ಕದಲ್ಲೇ. ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯಲ್ಲಿ 1964ರಲ್ಲಿ ರಿಚರ್ಡ್ ಹಾಗರ್ಟ್ ಶುರು ಮಾಡಿದ ಕೇಂದ್ರದಿಂದ ಈ ಶಿಸ್ತು ಬೆಳೆಯಿತು ಅನ್ನುವುದು ಪ್ರತಿ ನೋಟ್ಸಿನಲ್ಲೂ ಇರುತ್ತದೆ. ಅಲ್ಲಿಗೇ ನಿಲ್ಲಬೇಡಿ. ಅದೇ ಕೇಂದ್ರದ ಸ್ಟುವರ್ಟ್ ಹಾಲ್ 1973ರಲ್ಲಿ ಟಿವಿ ಬಗ್ಗೆ ಬರೆದಾಗ, ನೋಡುವವರು ಅರ್ಥ ಮಾಡಿಕೊಳ್ಳುವುದು ಮೂರು ರೀತಿ ಎಂದರು. ತೋರಿಸಿದವರು ಹೇಳಿದ್ದನ್ನೇ ಒಪ್ಪುವುದು, ಸ್ವಲ್ಪ ಒಪ್ಪಿ ಸ್ವಲ್ಪ ಬಿಡುವುದು, ಪೂರ್ತಿ ಎದುರು ನಿಂತು ಓದುವುದು. ಒಂದು ಹುಲಿವೇಷದ ವೀಡಿಯೊವನ್ನು ತಾಸೆ ಬಡಿಯುವವರಿಗೆ, ಮುಂಬೈಯಲ್ಲಿರುವ ನಿಮ್ಮ ಮಾವನಿಗೆ, ಘಟ್ಟದ ಮೇಲಿನ ನಿಮ್ಮ ಹಾಸ್ಟೆಲ್ ಗೆಳೆಯನಿಗೆ ತೋರಿಸಿ, ಮೂವರೂ ಹೇಳಿದ್ದನ್ನು ಬರೆದಿಡಿ. ಮೂರು ಜನ, ಮೂರು ಖಾನೆ ಅಂತ ಸರಿಯಾಗಿ ಕೂರುವುದಿಲ್ಲ. ಯಾಕೆ ಕೂರಲಿಲ್ಲ ಅಂತ ಬರೆದರೆ ಅದೇ ನಿಮ್ಮ ಅಸೈನ್‌ಮೆಂಟ್.

ಟೈಮ್‌ಟೇಬಲ್ ಬಗ್ಗೆ ಯಾವ ಪುಸ್ತಕವೂ ಹೇಳದ ಒಂದು ಮಾತು. ನಮ್ಮೂರಲ್ಲಿ ಪತ್ತನಾಜೆ ಅಂತ ಒಂದಿದೆ. ತುಳು ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ ಬರುತ್ತದೆ. ಆ ಹೊತ್ತಿಗೆ ದೈವಗಳ ಆರಾಧನೆಯ ಕೋಲ ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಶುರುವಾಗಲು ದೀಪಾವಳಿ ಕಳೆಯಬೇಕು. ಜೂನಲ್ಲಿ ಸಿನಾಪ್ಸಿಸ್ ಕೊಟ್ಟು ಆಗಸ್ಟಲ್ಲಿ ಕೋಲ ನೋಡುತ್ತೇನೆ ಅಂದರೆ ಆಗುವುದಿಲ್ಲ. ಮಳೆಗಾಲದಲ್ಲಿ ಮನೆಮನೆಗೆ ಬರುವ ಯಕ್ಷಗಾನದ ಸಣ್ಣ ತಂಡ, ಚಿಕ್ಕಮೇಳ ನೋಡಿ. ಇಲ್ಲವೇ ಲೈಬ್ರರಿಗೆ ಹೋಗಿ. ಮಂಗಳೂರಿನ ಬಲ್ಮಠದ ಥಿಯಾಲಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ದಾಖಲೆಗಳಿವೆ, ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಹಳೆಯದು ಓದುವಾಗ ಯಾರು ಬರೆದರು, ಯಾರಿಗೆ ಬರೆದರು ಅಂತ ಮೊದಲು ಕೇಳಿ. 1890ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಬರ್ನೆಲ್ ಸಂಗ್ರಹದ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳು, ಇಂಗ್ಲಿಷಿನಲ್ಲಿ ಅಚ್ಚಾದಾಗ ಶೀರ್ಷಿಕೆಯಲ್ಲಿ ದೈವಗಳಿಗೆ ಡೆವಿಲ್ ಅನ್ನುವ ಪದ ಬಿತ್ತು. ಆ ಒಂದು ಪದದ ಮೇಲೆಯೇ ಒಂದು ಅಧ್ಯಾಯ ಬರೆಯಬಹುದು.

ಈಗ ಮಾತಾಡಿಸುವ ವಿಷಯ. ನಾನು ಮೊದಲ ಸಲ ಕ್ಷೇತ್ರಕಾರ್ಯಕ್ಕೆ ಹೋದಾಗ ಪ್ರಶ್ನಾವಳಿ ಪ್ರಿಂಟ್ ಮಾಡಿಸಿಕೊಂಡು ಹೋಗಿದ್ದೆ. ನಾಟಿ ಹಾಡು ಹೇಳುವ ಒಬ್ಬ ಅಜ್ಜಿಯ ಎದುರು ಕೂತು ಹೆಸರು, ವಯಸ್ಸು, ಜಾತಿ ಅಂತ ಒಂದೊಂದಾಗಿ ಕೇಳಿದೆ. ಹಾಡಿಗೆ ಬರುವಷ್ಟರಲ್ಲಿ ಅವರು "ಎಂಕ್ ದಾಲ ಗೊತ್ತುಜ್ಜಿ ಮಗಾ" ಅಂದುಬಿಟ್ಟರು. ತನಗೇನೂ ಗೊತ್ತಿಲ್ಲ ಎಂದು. ಎರಡು ವಾರ ಬಿಟ್ಟು ಬರಿಗೈಯಲ್ಲಿ ಹೋದೆ. ಅವರು ಬೀಡಿ ಕಟ್ಟುತ್ತಿದ್ದರು, ನಾನು ಪಕ್ಕದಲ್ಲಿ ಎಲೆ ಕತ್ತರಿಸಿ ಕೊಡುತ್ತಾ ಕೂತೆ, ಅರ್ಧ ಗಂಟೆ ಕಳೆದ ಮೇಲೆ ಕೈ ನಡೆಯುತ್ತಾ ನಡೆಯುತ್ತಾ ಹಾಡು ತಾನಾಗಿ ಬಂತು. ಕೈಗೆ ಕೆಲಸ ಇಲ್ಲದಿದ್ದರೆ ಅವರಿಗೆ ಸಾಲುಗಳೇ ನೆನಪಾಗುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ಇದು ಸಣ್ಣ ಸಂಗತಿಯಲ್ಲ. ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಮತ್ತು ಇಲ್ಲಿನ ವಿದ್ವಾಂಸರು 1990ರ ಡಿಸೆಂಬರಿನಲ್ಲಿ ಪಾಡ್ದನ ಹಾಡುವ ಗೋಪಾಲ ನಾಯ್ಕರಿಂದ ಸಿರಿ ಎಂಬ ಹೆಣ್ಣಿನ ಕಥೆಯ ಪಾಡ್ದನ ದಾಖಲಿಸಿಕೊಂಡರು. ಅಚ್ಚಾದಾಗ ಅದು 15,683 ಸಾಲು. ಕೇಳಿ ಬರೆದುಕೊಳ್ಳುವವರಿಗಾಗಿ ಹಾಡುವುದೇ ಬೇರೆ, ಸಿರಿ ಜಾತ್ರೆಯಲ್ಲಿ ಹಾಡುವುದೇ ಬೇರೆ. ನೀವು ರೆಕಾರ್ಡರ್ ಇಟ್ಟಿರಿ ಅಂದರೆ ಸಂದರ್ಭ ಬದಲಾಯಿತು. ಆ ಬದಲಾವಣೆಯನ್ನೂ ಬರೆಯಿರಿ, ಮುಚ್ಚಿಡಬೇಡಿ.

ರೆಕಾರ್ಡ್ ಮಾಡುವ ಮೊದಲು ಕೇಳಿ, ಕೇಳಿದ್ದನ್ನೂ ರೆಕಾರ್ಡ್ ಮಾಡಿ. ದೈವದ ಕಾರ್ಯದಲ್ಲಿ ಬೇಡ ಅಂದರೆ ಮೊಬೈಲ್ ಒಳಗಿಡಿ, ವಾದ ಬೇಡ. ಮನೆಗೆ ಬಂದು ಅದೇ ರಾತ್ರಿ ನೋಟ್ಸ್ ಬರೆಯಿರಿ, ಮರುದಿನಕ್ಕೆ ಅರ್ಧ ಹೋಗಿರುತ್ತದೆ. ಒಂದು ಗಂಟೆಯ ತುಳು ಮಾತನ್ನು ಕೇಳಿ ಬರೆಯಲು ನನಗೆ ಆರು ಗಂಟೆ ಹಿಡಿಯಿತು, ಹಾಗಾಗಿ ಹತ್ತು ಸಂದರ್ಶನದ ಆಸೆ ಬಿಟ್ಟು ನಾಲ್ಕನ್ನು ಸರಿಯಾಗಿ ಮಾಡಿ. ತುಳು, ಕೊಂಕಣಿ, ಬ್ಯಾರಿ ಯಾವುದೇ ಇರಲಿ, ಅವರ ಪದವನ್ನು ಹಾಗೇ ಬರೆದು ಪಕ್ಕದಲ್ಲಿ ಕನ್ನಡ ಬರೆಯಿರಿ. ಕನ್ನಡ ಒಂದೇ ಉಳಿಸಿಕೊಂಡರೆ ಆಮೇಲೆ ಪರೀಕ್ಷಿಸಲು ಏನೂ ಇರುವುದಿಲ್ಲ. ನಿಮ್ಮ ಜಾತಿ, ನಿಮ್ಮ ಮನೆತನ ನೋಡಿ ನಿಮಗೆ ಯಾವ ಅಂಗಳಕ್ಕೆ ಪ್ರವೇಶ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಅಂತಲೂ ಒಂದು ಪುಟ ಇರಲಿ.

ಕರಡು ಮುಗಿದ ಮೇಲೆ ಗೈಡ್‌ಗೆ ಕೊಡುವ ಮೊದಲು ಅದನ್ನು ಆ ತಾಸೆಯವರ ಮನೆಗೆ ಒಯ್ದು ಜೋರಾಗಿ ಓದಿ ಹೇಳಿ. ಅವರು "ಹಾಗಲ್ಲ" ಅಂದ ಕಡೆಯೆಲ್ಲ ಪೆನ್ನಿನಲ್ಲಿ ಗುರುತು ಹಾಕಿಕೊಂಡು ಬನ್ನಿ.