ನಾಲ್ಕು ಎಳೆ ಎಣಿಸುವ ಹೊತ್ತು

ಹುಬ್ಬಳ್ಳಿಯ ಅಂಗಡಿ ಮುಚ್ಚಿದ ವರ್ಷ ನನಗೆ ನಿದ್ದೆ ಬರುತ್ತಿರಲಿಲ್ಲ. ಧಾರವಾಡದ ಮನೆಯಲ್ಲಿ ನಸುಕಿಗೇ ಎದ್ದು, ಯಾರಿಗೆ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುತ್ತ ಕೂತಿರುತ್ತಿದ್ದೆ. ಅದನ್ನು ನೋಡಿ ಒಂದು ದಿನ ಅಕ್ಕ ಎಳೆ ಎಣಿಸಲು ಬರುವಂಥ ಮ್ಯಾಟಿ ಬಟ್ಟೆ, ಸೂಜಿ, ಕೆಂಪು ದಾರ ತಂದಿಟ್ಟಳು. "ಎಣಿಸೋದ ಬೇಕಲ್ಲ ನಿನಗ? ಎಳಿ ಎಣಿಸು."

ಕಸೂತಿ ಹೆಂಗಸರ ಕೆಲಸ ಅಂದುಕೊಂಡಿದ್ದವ ನಾನು. ಮೊದಲ ವಾರ ಬಾಗಿಲು ಹಾಕಿಕೊಂಡೇ ಕೂತೆ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಮೂರು ತಿಂಗಳು ನಾನು ಗವಂತಿ ಒಂದನ್ನೇ ಹಿಡಿದೆ. ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇಲ್ಲ, ದಾರಕ್ಕೆ ಗಂಟೂ ಇಲ್ಲ. ಬಟ್ಟೆಯ ನಾಲ್ಕು ಎಳೆ ಬಿಟ್ಟು ಸೂಜಿ ಕೆಳಗೆ, ಮತ್ತೆ ನಾಲ್ಕು ಬಿಟ್ಟು ಮೇಲೆ. ಹೋಗುವಾಗ ತುಂಡು ತುಂಡು ಗೆರೆ. ಅದೇ ದಾರಿಯಲ್ಲಿ ವಾಪಸ್ ಬಂದರೆ ಬಿಟ್ಟ ಜಾಗ ತುಂಬುತ್ತದೆ. ಮುಂದೆಯೂ ಹಿಂದೆಯೂ ಒಂದೇ ಚಿತ್ರ.

ಒಮ್ಮೆ ಯಾವುದೋ ಬಾಕಿ ನೆನಪಾಗಿ ಒಂದು ಕಡೆ ಐದು ಎಳೆ ಹೋಗಿತ್ತು. ನಾನು ಹೊಲಿಯುತ್ತಿದ್ದ ಗೋಪುರದ ಚಿತ್ರದ ಎರಡು ಬದಿ ಕಳಸದ ಹತ್ತಿರ ಸೇರಲೇ ಇಲ್ಲ. ಹೇಗೋ ಮುಚ್ಚಿಬಿಡೋಣ ಅಂತ ಇದ್ದೆ. ಅಕ್ಕ ಬಟ್ಟೆ ತಿರುವಿ ನೋಡಿ ಒಂದೇ ಮಾತು ಅಂದಳು: "ಬಿಚ್ಚು." ಎರಡು ದಿನ ಬೆಳಿಗ್ಗೆ ಬರೀ ಬಿಚ್ಚಿದೆ. ಬೇಜಾರಾಗಬೇಕಿತ್ತು, ಆಗಲಿಲ್ಲ. ಅಂಗಡಿಯಲ್ಲಿ ತಪ್ಪಿದ್ದನ್ನು ಹೀಗೆ ಬಿಚ್ಚಲು ಬಂದಿರಲಿಲ್ಲ, ಅಲ್ವಾ?

ಈಗಲೂ ದಿನಾ ಅರ್ಧ ತಾಸು, ಕಿಟಕಿ ಪಕ್ಕ, ಬೆಳಗಿನ ಬೆಳಕಿನಲ್ಲಿ. ಮೊಬೈಲ್ ಒಳಗಿನ ಕೋಣೆಯಲ್ಲಿ. ದಾರ ಮೊಳಕ್ಕಿಂತ ಜಾಸ್ತಿ ಉದ್ದ ಬೇಡ, ಸುಮ್ನೆ ಸಿಕ್ಕಾಗುತ್ತದೆ. ಲಡಿಯ ಆರು ಎಳೆಯಲ್ಲಿ ಎರಡೇ ಸಾಕು. ಜುಲೈ ಮಳೆಯ ಮಬ್ಬಿನಲ್ಲಿ ಕಪ್ಪು ಬಟ್ಟೆ ಮುಟ್ಟುವುದಿಲ್ಲ, ಕಣ್ಣು ಸೋಲುತ್ತವೆ.

ಮನಸ್ಸು ಖಾಲಿಯಾಯಿತು ಅಂತ ಹೇಳಲಾರೆ. ಹಳೇ ಲೆಕ್ಕ ಬರುತ್ತದೆ. ಆದರೆ ಒಂದು, ಎರಡು, ಮೂರು, ನಾಲ್ಕು ಅನ್ನುವಾಗ ಇನ್ನೊಂದು ಲೆಕ್ಕಕ್ಕೆ ಜಾಗ ಇರುವುದಿಲ್ಲ. ರಾತ್ರಿ ಈಗ ಐದಾರು ತಾಸು ನಿದ್ದೆ ಹತ್ತುತ್ತದೆ, ನನಗಷ್ಟು ಸಾಕು.

ಸದ್ಯ ಅಕ್ಕನ ಕರಿ ಚಂದ್ರಕಾಳಿ ಸೀರೆಯ ಸೆರಗು ಕೈಯಲ್ಲಿದೆ. ತುಳಸಿ ಕಟ್ಟೆ ಮುಗಿದಿದೆ, ತೇರು ಅರ್ಧ ಆಗಿದೆ. ಬಂದಾಗಲೆಲ್ಲ ಅವಳು ಮೊದಲು ಹಿಂಬದಿ ತಿರುವಿ ನೋಡುತ್ತಾಳೆ. ಇನ್ನೂ ಏನೂ ಅಂದಿಲ್ಲ.